ಮೊದಲ ಗುಟುಕಿಗೆ ಮಾರ್ಕ್ಸ್ ಕೊಡಬೇಡಿ

ಎಲ್ಲರಿಗೂ ನಮಸ್ಕಾರ. ನಿರಾಸೆಯ ಸುದ್ದಿಯನ್ನು ಮೊದಲೇ ಹೇಳಿಬಿಡುತ್ತೇನೆ. ಇವತ್ತು ಇಲ್ಲಿ ಯಾರಿಗೂ ಕುಡಿಯೋಕೆ ಏನೂ ಸಿಗುವುದಿಲ್ಲ. ಮೇಜಿನ ಮೇಲಿನ ಜಗ್‌ನಲ್ಲಿ ಇರುವುದು ನೀರು. ಹಿಂದಿನ ಸಾಲಿನಲ್ಲಿ ಇಬ್ಬರು ಆಗಲೇ ಬಾಗಿಲ ಕಡೆ ನೋಡಿದರು, ಕಾಣಿಸ್ತು.

ಹೊಸದಾಗಿ ಬಿಡುಗಡೆಯಾದ ವಿಸ್ಕಿ, ಜಿನ್, ರಮ್‌ಗಳ ರುಚಿ ನೋಡಿ ಬರೆಯುವುದು ಹೇಗೆ ಅಂತ ಮಾತಾಡಲು ಕರೆದಿದ್ದಾರೆ. ಕುಡಿಯೋದು, ಚೆನ್ನಾಗಿದೆ ಅಂತ ಬರೆಯೋದು, ಅದರಲ್ಲಿ ಕಷ್ಟ ಏನಿದೆ ಅಂತ ಗೆಳೆಯರು ರೇಗಿಸುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಹಾಗಾಗಿ ನನ್ನ ಮಾನ ಹೋದ ಕಥೆಯಿಂದಲೇ ಶುರು ಮಾಡುತ್ತೇನೆ.

ಕೆಲವು ವರ್ಷಗಳ ಹಿಂದೆ ಒಂದು ಹೊಸ ವಿಸ್ಕಿ ಕೈಗೆ ಬಂತು. ಮರದ ಪೆಟ್ಟಿಗೆ. ಮುಚ್ಚಳಕ್ಕೆ ಅಯಸ್ಕಾಂತ, ಮುಚ್ಚಿದರೆ 'ಟಪ್' ಅಂತ ಶಬ್ದ. ಒಳಗೆ ಒಂದು ಪುಟ್ಟ ಪುಸ್ತಕ. ಯಾವ ಪೀಪಾಯಿ, ಯಾವ ಮೂಲೆಯಲ್ಲಿ, ಎಷ್ಟು ಕಾಲ ಮಲಗಿತ್ತು ಅನ್ನೋದೆಲ್ಲ ಅದರಲ್ಲಿತ್ತು. ಆ ರಾತ್ರಿಯೇ ಎರಡು ಗ್ಲಾಸ್ ಕುಡಿದು ವಿಮರ್ಶೆ ಬರೆದೆ. 'ಜೇನು, ಒಣದ್ರಾಕ್ಷಿ, ಹಳೆಯ ಪುಸ್ತಕದ ಕಂಪು, ಈ ವರ್ಷ ನಾನು ಕುಡಿದವುಗಳಲ್ಲಿ ಇದೇ ಮೇಲು' ಅಂತ. ಮೂರು ತಿಂಗಳ ನಂತರ ಒಬ್ಬ ಗೆಳೆಯ ಮೂರು ಗ್ಲಾಸ್ ಇಟ್ಟ. ಯಾವುದು ಏನು ಅಂತ ಹೇಳಲಿಲ್ಲ. ಮೂರನೆಯದನ್ನು ಕೊನೆಗೆ ತಳ್ಳಿ ನಾನು ಬರೆದದ್ದು: 'ಹಸಿ ಮರದ ಒಗರು, ಖಾರ ಜಾಸ್ತಿ, ಇನ್ನೂ ಎಳಸು.' ಬಾಟಲಿ ತಂದು ತೋರಿಸಿದ. ಅದೇ ಪೆಟ್ಟಿಗೆ, ಅದೇ ಟಪ್!

ಇದರಲ್ಲಿ ಯಾವ ವಿಮರ್ಶೆ ನಿಜ? ಇವತ್ತಿನ ಮಾತೆಲ್ಲ ಈ ಒಂದು ಪ್ರಶ್ನೆಯ ಸುತ್ತ.

ಮೊದಲು ನಾಲಿಗೆಯ ವಿಚಾರ. ಸ್ಟ್ರಾಂಗ್ ಮದ್ಯ ಬಾಯಿ ಸುಡುತ್ತದೆ ಅನ್ನುತ್ತೇವೆ ಅಲ್ವಾ? ಅದು ಬರೀ ಮಾತಲ್ಲ. ಬಿಸಿ ತಾಗಿದಾಗ 'ಸುಡ್ತಾ ಇದೆ' ಎಂದು ಮಿದುಳಿಗೆ ಹೇಳುವ ಗ್ರಾಹಕವೊಂದು ನಮ್ಮ ಬಾಯಲ್ಲಿದೆ. ಮೆಣಸಿನಕಾಯಿಯ ಖಾರಕ್ಕೂ ಎಚ್ಚೆತ್ತುಕೊಳ್ಳುವುದು ಅದೇ. ಮಾಮೂಲಿಯಾಗಿ ಅದು ಸುಮಾರು 42 ಡಿಗ್ರಿ ಸೆಲ್ಸಿಯಸ್‌ಗೆ ಎಚ್ಚರಗೊಳ್ಳುತ್ತದೆ. ಆಲ್ಕೋಹಾಲ್ ತಾಗಿದರೆ ಆ ಗಡಿ ಸುಮಾರು 34ಕ್ಕೆ ಇಳಿದುಬಿಡುತ್ತದೆ. ಬಾಯಿಯ ಬಿಸಿಯೇ ಅದಕ್ಕಿಂತ ಜಾಸ್ತಿ. ಅಂದರೆ ನಿಮ್ಮ ಬಾಯಿ ತನ್ನದೇ ಬಿಸಿಗೆ 'ಉರೀತಿದೆ' ಎಂದು ಕಿರುಚುತ್ತದೆ. ಎರಡನೇ, ಮೂರನೇ ಗುಟುಕಿಗೆ ಅದು ಒಗ್ಗಿಕೊಂಡು ಸುಮ್ಮನಾಗುತ್ತದೆ. ಹಾಗಾಗಿ ಮೊದಲ ಗುಟುಕಿನಲ್ಲಿ ನಿಮಗೆ ತಿಳಿಯುವುದು ನಿಮ್ಮ ಬಾಯಿಯ ಸ್ಥಿತಿ. ವಿಸ್ಕಿಯ ಬಗ್ಗೆ ತಿಳಿಯುವುದು ಕಡಿಮೆ. ಸಾಲಾಗಿ ನಾಲ್ಕು ಹೊಸ ಮದ್ಯ ರುಚಿ ನೋಡಿದರೆ ಮೊದಲನೆಯದಕ್ಕೆ ಯಾವಾಗಲೂ ಅನ್ಯಾಯ. ಅದಕ್ಕೇ ನಾನು ಮೊದಲು ಪರಿಚಯದ ಒಂದು ಸಾಧಾರಣ ವಿಸ್ಕಿಯಿಂದ ಬಾಯಿ ತೊಳೆಯುತ್ತೇನೆ. ಅದಕ್ಕೆ ಮಾರ್ಕ್ಸ್ ಇಲ್ಲ, ಪಾಪ.

ರುಚಿ ಅಂತ ನಾವು ಕರೆಯುವುದರಲ್ಲಿ ಬಹುಪಾಲು ವಾಸನೆ. ಮನೆಗೆ ಹೋಗಿ ಒಂದು ಪ್ರಯೋಗ ಮಾಡಿ. ಮೂಗು ಬಿಗಿಯಾಗಿ ಹಿಡಿದುಕೊಂಡು ಒಂದು ಚೂರು ಚಾಕೊಲೇಟ್ ಬಾಯಿಗೆ ಹಾಕಿ. ಸಿಹಿ ಗೊತ್ತಾಗುತ್ತದೆ, ಸ್ವಲ್ಪ ಕಹಿ ಗೊತ್ತಾಗುತ್ತದೆ. ಮೂಗು ಬಿಡಿ. ಆಗ ಚಾಕೊಲೇಟ್ ಬರುತ್ತದೆ! ಗಂಟಲಿನ ಹಿಂದಿನಿಂದ ಮೂಗಿಗೆ ಏರುವ ವಾಸನೆ ಅದು. ವಿಸ್ಕಿ ನುಂಗಿದ ಮೇಲೆ, ಅಥವಾ ಉಗುಳಿದ ಮೇಲೆ, ಬಾಯಿ ಮುಚ್ಚಿ ಮೂಗಿನಿಂದ ನಿಧಾನವಾಗಿ ಉಸಿರು ಬಿಡಿ. ಎಷ್ಟೋ ಸಲ ಗ್ಲಾಸಿನ ಮೇಲೆ ಸಿಗದ ಹೊಗೆ ಅಲ್ಲಿ ಸಿಗುತ್ತದೆ.

ಗ್ಲಾಸಿನ ವಿಷಯ ಬೇಗ ಮುಗಿಸುತ್ತೇನೆ. ಹೊಟ್ಟೆ ದಪ್ಪ, ಬಾಯಿ ಕಿರಿದು, ಅಷ್ಟು ಇದ್ದರೆ ಸಾಕು. 2001ರಲ್ಲಿ ಬಂದ ಗ್ಲೆನ್‌ಕೇರ್ನ್ ಗ್ಲಾಸ್ ಈಗ ಎಲ್ಲ ಕಡೆ ಇದೆ. ವೈನ್ ಕುಡಿಯುವವರ ಹಾಗೆ ಗಿರಗಿರ ತಿರುಗಿಸಿ ಮೂಗು ಒಳಗೆ ತುರುಕಬೇಡಿ. ಆಲ್ಕೋಹಾಲ್ ಆವಿ ಹೊಡೆದರೆ ಮೂಗು ಹತ್ತು ನಿಮಿಷ ಮುಷ್ಕರ ಹೂಡುತ್ತದೆ. ಬಾಯಿ ಸ್ವಲ್ಪ ತೆರೆದು, ಗ್ಲಾಸನ್ನು ಗಲ್ಲದ ಹತ್ತಿರ ಇಟ್ಟು, ನಿಧಾನವಾಗಿ ಮೇಲೆ ತನ್ನಿ.

ಇನ್ನು ನೀರು. 'ಒಳ್ಳೆ ವಿಸ್ಕಿಗೆ ನೀರು ಹಾಕಬಾರದು' ಅಂತ ಗತ್ತಿನಿಂದ ಹೇಳುವವರು ಪ್ರತಿ ಕೂಟದಲ್ಲೂ ಒಬ್ಬರು ಇರುತ್ತಾರೆ. ವಿಸ್ಕಿ ಬೆರೆಸುವುದನ್ನೇ ಕಸುಬು ಮಾಡಿಕೊಂಡ ಬ್ಲೆಂಡರ್‌ಗಳು ಪೀಪಾಯಿಯ ಸ್ಯಾಂಪಲ್‌ಗಳನ್ನು ಮೂಸುವಾಗ ನೀರು ಸೇರಿಸಿ ಆಲ್ಕೋಹಾಲನ್ನು ಸುಮಾರು ಶೇ. 20ಕ್ಕೆ ಇಳಿಸಿಕೊಳ್ಳುವುದು ವಾಡಿಕೆ. 2017ರಲ್ಲಿ ಸ್ವೀಡನ್ನಿನ ಲಿನ್ನೆಯಸ್ ವಿಶ್ವವಿದ್ಯಾಲಯದ ಬ್ಯೋರ್ನ್ ಕಾರ್ಲ್‌ಸನ್ ಮತ್ತು ರಾನ್ ಫ್ರೀಡ್‌ಮನ್ ಕಂಪ್ಯೂಟರಿನಲ್ಲಿ ಇದನ್ನು ಲೆಕ್ಕ ಹಾಕಿ ನೋಡಿದರು. ಹೊಗೆ ವಾಸನೆ ಕೊಡುವ ಗ್ವಾಯಕಾಲ್ ಅನ್ನುವ ಅಣುವನ್ನು ಅವರು ಹಿಡಿದುಕೊಂಡರು. ಆಲ್ಕೋಹಾಲ್ ಶೇ. 45ರವರೆಗೆ ಇದ್ದಾಗ ಆ ಅಣುಗಳು ಮೇಲ್ಮೈ ಹತ್ತಿರ ಸೇರುತ್ತವೆ. ಶೇ. 59 ದಾಟಿದರೆ ದ್ರವದ ಒಳಗೇ ಅಡಗಿಕೊಳ್ಳುತ್ತವೆ. ಹಾಗಾಗಿ ಪೀಪಾಯಿಯಿಂದ ನೇರವಾಗಿ ಬಾಟಲಿಗೆ ಹಾಕಿದ, ಶೇ. 60ರ ಹೊಸ ವಿಸ್ಕಿಯನ್ನು ನೀರಿಲ್ಲದೆ ಮಾತ್ರ ಕುಡಿದು ವಿಮರ್ಶೆ ಬರೆದರೆ ಅರ್ಧ ವಿಸ್ಕಿಯ ವಿಮರ್ಶೆ ಬರೆದ ಹಾಗೆ. ಮೊದಲು ಹಾಗೇ ನೋಡಿ. ಆಮೇಲೆ ಹನಿ ಹನಿಯಾಗಿ ನೀರು. ಒಮ್ಮೆ ಸುರಿದ ನೀರನ್ನು ವಾಪಸ್ ತೆಗೆಯೋಕೆ ಆಗಲ್ಲ.

ನೀರು ಹಾಕಿದಾಗ ಮಬ್ಬಾದರೆ ಹೆದರಬೇಡಿ. ಕೊಬ್ಬಿನಾಮ್ಲಗಳ ಎಸ್ಟರ್‌ಗಳು ನೀರಿನಲ್ಲಿ ಕರಗದೆ ಹಾಗೆ ಕಾಣುತ್ತವೆ. ಬಾಟಲಿಯಲ್ಲಿ ಹೀಗಾಗದಿರಲಿ ಅಂತ ಹಲವು ಕಂಪನಿಗಳು ವಿಸ್ಕಿಯನ್ನು ತಣ್ಣಗೆ ಮಾಡಿ ಸೋಸುತ್ತವೆ. ಶೇ. 46 ಮತ್ತು ಮೇಲ್ಪಟ್ಟಿದ್ದರೆ ಸಾಮಾನ್ಯವಾಗಿ ಮಬ್ಬು ಬರುವುದಿಲ್ಲ. 'ಹಾಗೆ ಸೋಸಿಲ್ಲ' ಎಂದು ಹೆಮ್ಮೆಯಿಂದ ಬರೆದ ಬಾಟಲಿಗಳಲ್ಲಿ 46 ಅನ್ನುವ ಅಂಕಿ ಮತ್ತೆ ಮತ್ತೆ ಸಿಗುವುದು ಅದಕ್ಕೇ.

ಈಗ ನನಗೆ ತುಂಬಾ ಇಷ್ಟವಾದ ಭಾಗಕ್ಕೆ ಬರುತ್ತೇನೆ. ಪದಗಳು. 1979ರಲ್ಲಿ ಎಡಿನ್‌ಬರೊದ ಪೆಂಟ್‌ಲ್ಯಾಂಡ್ಸ್ ಸಂಶೋಧನಾ ಸಂಸ್ಥೆಯವರು ಸ್ಕಾಚ್‌ನ ವಾಸನೆಗಳನ್ನೆಲ್ಲ ಒಂದು ಚಕ್ರದಲ್ಲಿ ಜೋಡಿಸಿದರು. ಉದ್ಯಮದ ಒಳಗಿನ ಜನ ಒಂದೇ ವಾಸನೆಗೆ ಒಂದೇ ಹೆಸರು ಬಳಸಲಿ ಅನ್ನುವುದು ಉದ್ದೇಶ. ಒಳ್ಳೆಯ ಕೆಲಸ. ಆದರೆ ಆ ಪದಗಳು ಅವರ ಮೂಗಿನ ನೆನಪುಗಳು. ನಾವು ಕನ್ನಡದಲ್ಲಿ ಬರೆಯುವಾಗ ಕಂಡೇ ಇರದ ಹೂವು, ತಿಂದೇ ಇರದ ಕೇಕಿನ ಹೆಸರು ಹಾಕಿದರೆ ಅದು ಕಾಪಿ ಹೊಡೆದ ಉತ್ತರಪತ್ರಿಕೆ. ನಾನೂ ಹೊಡೆದಿದ್ದೇನೆ, ಸುಳ್ಳು ಹೇಳಲ್ಲ.

ನಮ್ಮ ಭಾಷೆಯಲ್ಲಿ ಎಂಥಾ ಪದಗಳಿವೆ ನೋಡಿ. ಘಾಟು. ಮೂಗಿಗೆ ಹೊಡೆದು ಕೆಮ್ಮು ತರಿಸುವುದು ಅಂತ ವಿವರಿಸಬೇಕಿಲ್ಲ, ಪದದಲ್ಲೇ ಕೆಮ್ಮು ಇದೆ. ಒಗರು. ನಾಲಿಗೆ ಒಣಗಿಸಿ ಹಿಂಡುವುದು. ಹೊಸ ಓಕ್ ಮರದಲ್ಲಿ ಜಾಸ್ತಿ ಕಾಲ ಇದ್ದ ವಿಸ್ಕಿಗೆ ಇದಕ್ಕಿಂತ ಸರಿಯಾದ ಮಾತು ಇಲ್ಲ. ಕಮಟು. ಹಳೆಯ ಎಣ್ಣೆಯ ವಾಸನೆ. ಭಟ್ಟಿ ಇಳಿಸುವಾಗ ಕೊನೆಗೆ ಬರುವ ಭಾಗವನ್ನು ಸಮಯಕ್ಕೆ ಸರಿಯಾಗಿ ಬೇರೆ ಮಾಡದಿದ್ದರೆ ಮದ್ಯಕ್ಕೆ ಬರುವ ದೋಷಗಳಲ್ಲಿ ಇದೂ ಒಂದು. ಮುಗ್ಗಲು ಅಂದರೆ ಗಾಳಿ ಬೆಳಕಿಲ್ಲದ ಕೋಣೆ, ಕೆಟ್ಟ ಪೀಪಾಯಿ. ಸೀದ ವಾಸನೆ ಬೇರೆ, ಹೊಗೆ ವಾಸನೆ ಬೇರೆ. ಪೀಟ್ ಅಂದರೆ ಜೌಗು ನೆಲದಿಂದ ಅಗೆದು ಉರುವಲಾಗಿ ಸುಡುವ ಮಣ್ಣು. ಅದರ ಹೊಗೆಯಲ್ಲಿ ಒಣಗಿಸಿದ ಬಾರ್ಲಿಯ ವಿಸ್ಕಿಯಲ್ಲಿ ಹೊಗೆ ಇರಬೇಕು, ಸೀದದ್ದು ಇರಬಾರದು.

ಪದಗಳ ಹಿಂದೆ ರಸಾಯನವೂ ಇದೆ. ಎಳೆ ವಿಸ್ಕಿಯಲ್ಲಿ ಬಾಳೆಹಣ್ಣು ಸಿಕ್ಕಿತು ಅಂದರೆ ನೀವು ಕನಸು ಕಾಣುತ್ತಿಲ್ಲ. ಹುದುಗುವಾಗ ಯೀಸ್ಟ್ ಮಾಡಿದ ಐಸೊಅಮೈಲ್ ಅಸಿಟೇಟ್ ಅದು. ತೆಂಗಿನಕಾಯಿಯ ವಾಸನೆ ಓಕ್ ಮರದ ಲ್ಯಾಕ್ಟೋನ್‌ನಿಂದ. ಅಮೆರಿಕದ ಓಕ್‌ನಲ್ಲಿ ಅದು ಜಾಸ್ತಿ. ಲವಂಗದಂತೆ ಅನಿಸಿದರೆ ಯೂಜಿನಾಲ್. ಲವಂಗದಲ್ಲಿ ಇರುವುದೂ ಅದೇ ಅಣು. ವೆನಿಲಾ ಬರುವುದು ಮರದ ಲಿಗ್ನಿನ್ ಸುಟ್ಟು ಒಡೆದಾಗ. ಉಗುರಿನ ಬಣ್ಣ ತೆಗೆಯುವ ದ್ರವದ ವಾಸನೆ ಜೋರಾಗಿದ್ದರೆ ಈಥೈಲ್ ಅಸಿಟೇಟ್ ಹೆಚ್ಚಿದೆ ಅಂತ. ಭಟ್ಟಿಯ ಮೊದಲ ಭಾಗವನ್ನು ಧಾರಾಳವಾಗಿ ಒಳಗೆ ಬಿಟ್ಟಿದ್ದಾರೆ ಅಂತ ಅನುಮಾನಿಸಬಹುದು. ಗೀರಿದ ಬೆಂಕಿಕಡ್ಡಿ, ರಬ್ಬರ್ ನೆನಪಾದರೆ ಗಂಧಕ. ಶೆರ್ರಿ ಎಂಬ ವೈನ್‌ನ ಪೀಪಾಯಿಗಳು ಕೆಡದಿರಲಿ ಅಂತ ಗಂಧಕ ಸುಡುವ ಪದ್ಧತಿ ಇದೆ, ಅದರ ಉಳಿಕೆ ಇರಬಹುದು. ಕೆಲವರಿಗೆ ಇದು ಗೊತ್ತೇ ಆಗುವುದಿಲ್ಲ, ಕೆಲವರಿಗೆ ಒಂದು ಹನಿಯಲ್ಲೇ ವಾಕರಿಕೆ. ಹಾಗಾಗಿ ವಿಮರ್ಶಕನಿಗೆ ತನ್ನ ಮೂಗು ಎಲ್ಲಿ ಕುರುಡು ಅಂತಲೂ ಗೊತ್ತಿರಬೇಕು.

ಲೇಬಲ್ ಓದುವುದೂ ರುಚಿ ನೋಡುವ ಕೆಲಸದ ಭಾಗವೇ. ಆದರೆ ಕುಡಿದ ಮೇಲೆ ಓದಿ. ಸ್ಕಾಚ್‌ಗೆ 2009ರ ನಿಯಮಗಳಿವೆ. 700 ಲೀಟರ್‌ಗಿಂತ ದೊಡ್ಡದಲ್ಲದ ಓಕ್ ಪೀಪಾಯಿಯಲ್ಲಿ, ಸ್ಕಾಟ್ಲೆಂಡಿನಲ್ಲೇ, ಕನಿಷ್ಠ 3 ವರ್ಷ ಇರಬೇಕು. ಬಾಟಲಿಯಲ್ಲಿ ಕನಿಷ್ಠ ಶೇ. 40 ಆಲ್ಕೋಹಾಲ್ ಇರಬೇಕು. '12 ವರ್ಷ' ಅಂತ ಇದ್ದರೆ ಅದು ಒಳಗಿರುವ ಅತ್ಯಂತ ಕಿರಿಯ ವಿಸ್ಕಿಯ ವಯಸ್ಸು. ಅಮೆರಿಕದ ವಿಸ್ಕಿ ಬರ್ಬನ್‌ನಲ್ಲಿ ಕನಿಷ್ಠ ಶೇ. 51 ಮೆಕ್ಕೆಜೋಳ, ಒಳಗೆ ಸುಟ್ಟ ಹೊಸ ಓಕ್ ಪೀಪಾಯಿ. ಆದರೆ ಬರೀ ಬರ್ಬನ್ ಅನ್ನಿಸಿಕೊಳ್ಳಲು ಕನಿಷ್ಠ ವಯಸ್ಸೇ ಇಲ್ಲ. 'ಸ್ಟ್ರೇಟ್' ಅಂತ ಬರೆದರೆ 2 ವರ್ಷ ಬೇಕು. ಇವು ಕಾನೂನಿನ ಹಿಡಿತ ಇರುವ ಪದಗಳು. 'ಸ್ಮಾಲ್ ಬ್ಯಾಚ್', 'ಹ್ಯಾಂಡ್‌ಕ್ರಾಫ್ಟೆಡ್' ಅನ್ನುವುದಕ್ಕೆ ಅಮೆರಿಕದ ಕಾನೂನಿನಲ್ಲಿ ಅಳತೆಯೇ ಇಲ್ಲ. ಎಷ್ಟು ಪೀಪಾಯಿ ಸೇರಿದರೆ ಸ್ಮಾಲ್? ಬರೆದವರಿಗೆ ಗೊತ್ತು. ಅಂದಹಾಗೆ, ಐರಿಷ್ ಮತ್ತು ಅಮೆರಿಕದವರು ವಿಸ್ಕಿ ಬರೆಯುವಾಗ ಸಾಮಾನ್ಯವಾಗಿ ಒಂದು 'ಇ' ಜಾಸ್ತಿ ಹಾಕುತ್ತಾರೆ, ಸ್ಕಾಟ್ಲೆಂಡಿನವರು ಹಾಕಲ್ಲ. ಕನ್ನಡದಲ್ಲಿ ಬರೆಯುವವರಿಗೆ ಈ ಜಗಳದಿಂದ ಬಿಡುಗಡೆ.

ಪೀಟ್ ವಿಸ್ಕಿಗಳ ಪಿಪಿಎಂ ಅಂಕಿ, ಅಂದರೆ ಹೊಗೆ ವಾಸನೆಯ ಅಣುಗಳು ಹತ್ತು ಲಕ್ಷಕ್ಕೆ ಎಷ್ಟು ಪಾಲು ಅನ್ನುವ ಲೆಕ್ಕ, ಇನ್ನೊಂದು ಬಲೆ. ಸ್ಕಾಟ್ಲೆಂಡಿನ ಐಲಾ ದ್ವೀಪದ ವಿಸ್ಕಿ ಆಕ್ಟಮೋರ್‌ನ ಒಂದು ಬಿಡುಗಡೆಗೆ 309 ಪಿಪಿಎಂ ಇತ್ತು. ಅಂಕಿ ನೋಡಿಯೇ ಬೆವರು ಬರುತ್ತದೆ. ಆದರೆ ಅದನ್ನು ಅಳೆಯುವುದು ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯಲ್ಲಿ. ಅರೆದು, ಹುದುಗಿಸಿ, ಭಟ್ಟಿ ಇಳಿಸಿ, ವರ್ಷಗಟ್ಟಲೆ ಇಟ್ಟ ಮೇಲೆ ಗ್ಲಾಸಿಗೆ ಬರುವುದು ಅದರಲ್ಲಿ ಒಂದು ಪಾಲು ಮಾತ್ರ. ಅಂಕಿಯಲ್ಲಿ ದೊಡ್ಡದು ನಾಲಿಗೆಯಲ್ಲಿ ಮೆತ್ತಗಿದ್ದರೆ ಆಶ್ಚರ್ಯ ಪಡಬೇಡಿ.

ಜಿನ್‌ಗೆ ಬರೋಣ. ಹೊಸ ಜಿನ್‌ಗಳು ಇಷ್ಟೊಂದು ಯಾಕೆ ಬರುತ್ತವೆ ಗೊತ್ತಾ? ಹೊಸ ಡಿಸ್ಟಿಲರಿ ಇವತ್ತು ವಿಸ್ಕಿ ಇಳಿಸಿದರೆ ಮಾರೋಕೆ ವರ್ಷಗಟ್ಟಲೆ ಕಾಯಬೇಕು. ಜಿನ್ ಕೆಲವೇ ದಿನಗಳಲ್ಲಿ ಬಾಟಲಿಗೆ ಹೋಗುತ್ತದೆ. ಪೀಪಾಯಿ ಮಲಗಿರುವಷ್ಟು ಕಾಲ ಬಾಡಿಗೆ ಕಟ್ಟುವುದು ಜಿನ್. ಅದರಲ್ಲಿ ತಪ್ಪೇನಿಲ್ಲ, ಎಷ್ಟೋ ಒಳ್ಳೆಯ ಜಿನ್ ಹಾಗೇ ಹುಟ್ಟಿದೆ. ಆದರೆ ಎಲ್ಲರಿಗಿಂತ ಬೇರೆ ಕಾಣಬೇಕೆಂಬ ಆತುರದಲ್ಲಿ ಇಪ್ಪತ್ತು, ಮೂವತ್ತು ಬಗೆಯ ಬೇರು, ತೊಗಟೆ, ಹೂವು ಸುರಿಯುತ್ತಾರೆ. ಎಲ್ಲ ಬಣ್ಣ ಕಲಸಿದರೆ ಕೆಸರಿನ ಬಣ್ಣ ಬರುತ್ತದಲ್ಲ, ಹಾಗಾಗುತ್ತದೆ. ಜಿನ್‌ನಲ್ಲಿ ಜುನಿಪರ್‌ ಎಂಬ ಕಾಯಿಯ ವಾಸನೆ ಮುಂದಿರಬೇಕು. ಯುರೋಪಿನ ನಿಯಮವೂ ಅದನ್ನೇ ಹೇಳುತ್ತದೆ, ಕನಿಷ್ಠ ಶೇ. 37.5 ಆಲ್ಕೋಹಾಲ್ ಜೊತೆಗೆ. ಜುನಿಪರ್ ಹುಡುಕಬೇಕಾಗಿ ಬಂದರೆ ಅದು ನನ್ನ ಲೆಕ್ಕದಲ್ಲಿ ಪರಿಮಳ ಹಾಕಿದ ವೋಡ್ಕಾ. ಇದನ್ನು ಬರೆದು ಬೈಗುಳ ತಿಂದಿದ್ದೇನೆ. ಇನ್ನೂ ಬರೆಯುತ್ತೇನೆ.

ಜಿನ್ ನೋಡುವಾಗ ಐಸ್ ಬೇಡ. ತಣ್ಣಗಾದರೆ ದೋಷಗಳು ಮುಚ್ಚಿಹೋಗುತ್ತವೆ. ಮೊದಲು ಹಾಗೇ, ಆಮೇಲೆ ಜಿನ್ ಇರುವಷ್ಟೇ ನೀರು ಸೇರಿಸಿ, ಕೊನೆಗೆ ಟಾನಿಕ್. ಟಾನಿಕ್ ಕೈಬಿಡಬೇಡಿ. ಜನ ಕುಡಿಯುವುದು ಹಾಗೆ. ಬರೀ ಜಿನ್ ಮೂಸಿ ಬರೆದ ವಿಮರ್ಶೆ ಅವರಿಗೆ ಉಪಯೋಗವಿಲ್ಲ. ಟಾನಿಕ್ ಹಾಕಿದಾಗ ನೀಲಿಯಿಂದ ನೇರಳೆಗೆ ತಿರುಗುವ ಜಿನ್‌ಗಳಿವೆಯಲ್ಲ, ಅದು ಶಂಖಪುಷ್ಪದ ಆಂಥೋಸಯನಿನ್ ಹುಳಿಗೆ ಬಣ್ಣ ಬದಲಿಸುವುದು. ನೋಡೋಕೆ ಚೆಂದ. ರುಚಿಗೂ ಅದಕ್ಕೂ ಹೆಚ್ಚು ಸಂಬಂಧ ಇಲ್ಲ.

ರಮ್‌ನಲ್ಲಿ ಒಂದೇ ಎಚ್ಚರಿಕೆ, ಸಕ್ಕರೆ. ಭಟ್ಟಿಯಿಂದ ಬರುವಾಗ ರಮ್‌ನಲ್ಲಿ ಸಕ್ಕರೆ ಇರುವುದಿಲ್ಲ. 'ಎಷ್ಟು ನಯ!' ಅನಿಸಿದರೆ ಆಮೇಲೆ ಸೇರಿಸಿದ್ದಾರಾ ಅಂತ ನೋಡಿ. ಯುರೋಪಿನಲ್ಲಿ ಈಗ ಲೀಟರಿಗೆ 20 ಗ್ರಾಂ ಮಿತಿ ಇದೆ. ಖಾಲಿಯಾದ ಗ್ಲಾಸನ್ನು ರಾತ್ರಿಯಿಡೀ ಬಿಡಿ, ಬೆಳಿಗ್ಗೆ ತಳ ಅಂಟಂಟಾಗಿದ್ದರೆ ಉತ್ತರ ಸಿಕ್ಕ ಹಾಗೆ. ಫ್ರಾನ್ಸಿನ ಬ್ರಾಂಡಿ ಕೊನ್ಯಾಕ್‌ನಲ್ಲಿ ಎಕ್ಸ್‌ಒ ಎಂಬ ದರ್ಜೆ ಅಂದರೆ 2018ರಿಂದ ಕನಿಷ್ಠ 10 ವರ್ಷ, ಅದಕ್ಕೂ ಮೊದಲು 6. ಹಳೆಯ ಬಾಟಲಿ, ಹೊಸ ಬಾಟಲಿ ಹೋಲಿಸುವಾಗ ಇದು ನೆನಪಿರಲಿ.

ಸರಿ, ಪೆಟ್ಟಿಗೆಯ ಮೋಸಕ್ಕೆ ಮದ್ದು ಏನು? ಬಣ್ಣದಿಂದಲೇ ಶುರು. 2001ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇದೆ, ಫ್ರಾನ್ಸಿನ ಬೋರ್ಡೊದಲ್ಲಿ ನಡೆದದ್ದು. ವೈನ್ ಶಾಸ್ತ್ರ ಓದುವ 54 ಜನರಿಗೆ ಬಿಳಿ ವೈನ್‌ಗೆ ವಾಸನೆಯಿಲ್ಲದ ಕೆಂಪು ಬಣ್ಣ ಹಾಕಿ ಕೊಟ್ಟರು. ಅವರು ಕೆಂಪು ವೈನ್‌ಗೆ ಬಳಸುವ ಪದಗಳಲ್ಲೇ ಅದನ್ನು ವರ್ಣಿಸಿದರು. ಅವರೇ ಹಾಗಾದರೆ ನಾವು ನೀವು ಯಾವ ಲೆಕ್ಕ? ಸ್ಕಾಚ್‌ಗೆ ಕ್ಯಾರಮೆಲ್ ಬಣ್ಣ ಸೇರಿಸಲು ನಿಯಮವೇ ಅನುಮತಿ ಕೊಡುತ್ತದೆ. ಗಾಢ ಕಂದು ಕಂಡರೆ ನಾವು ತಾನಾಗಿ 'ಹಳೆಯದು, ಒಣಹಣ್ಣು' ಅಂತ ಬರೆಯುತ್ತೇವೆ. ಅದಕ್ಕೆ ನಾನು ಗ್ಲಾಸಿಗೆ ಹೊರಗಿನಿಂದ ಕಪ್ಪು ಕಾಗದ ಸುತ್ತುತ್ತೇನೆ. ಮನೆಯವರು ನಗುತ್ತಾರೆ, ನಗಲಿ.

ಆಮೇಲೆ ಮೂರು ಗ್ಲಾಸಿನ ಪರೀಕ್ಷೆ. ಎರಡರಲ್ಲಿ ಒಂದೇ ವಿಸ್ಕಿ, ಒಂದರಲ್ಲಿ ಬೇರೆ. ಯಾರಾದರೂ ಬೇರೆಯವರು ಸುರಿಯಬೇಕು. ಬೇರೆಯದು ಯಾವುದು ಅಂತ ನೀವು ಹೇಳಬೇಕು, ಅಷ್ಟೇ. ಸುಮ್ನೆ ಊಹಿಸಿದರೂ ಮೂರರಲ್ಲಿ ಒಂದು ಸಲ ಸರಿಯಾಗುತ್ತದೆ, ಹಾಗಾಗಿ ಒಮ್ಮೆ ಗೆದ್ದರೆ ಬೀಗಬೇಡಿ. ನಾಲ್ಕಕ್ಕೆ ನಾಲ್ಕು ಸರಿಯಾದರೆ, ಊಹೆಯಿಂದ ಹಾಗಾಗುವ ಸಾಧ್ಯತೆ 81ರಲ್ಲಿ 1. ಆಗ ನಂಬಬಹುದು. 'ಹಳೆಯ ಬ್ಯಾಚ್‌ಗಿಂತ ಹೊಸದು ಕೆಟ್ಟಿದೆ' ಅಂತ ಬರೆಯುವ ಮೊದಲು ನಾನು ಇದನ್ನು ಮಾಡುತ್ತೇನೆ. ಎಷ್ಟೋ ಸಲ ಆ ವಾಕ್ಯವನ್ನು ಅಳಿಸಬೇಕಾಗಿ ಬಂದಿದೆ.

ಮೂರು ಬೇರೆ ಬೇರೆ ದಿನ ಕೂರುತ್ತೇನೆ. ಮುಚ್ಚಳ ತೆಗೆದ ದಿನ ಒಮ್ಮೆ, ಒಂದು ವಾರಕ್ಕೆ ಒಮ್ಮೆ, ಬಾಟಲಿ ಅರ್ಧ ಆದಾಗ ಒಮ್ಮೆ. ಗಾಳಿ ತಾಗಿ ಮದ್ಯ ಬದಲಾಗುತ್ತದೆ. ನಾವೂ ಬದಲಾಗುತ್ತೇವೆ. ನೆಗಡಿ, ನಿದ್ದೆಗೆಟ್ಟ ರಾತ್ರಿ, ಮಧ್ಯಾಹ್ನದ ಖಾರದ ಊಟ, ಎಲ್ಲವೂ ಗ್ಲಾಸಿನೊಳಗೆ ಇಳಿಯುತ್ತವೆ. ಮೂರೂ ದಿನ ಬರೆದದ್ದನ್ನು ಪಕ್ಕಪಕ್ಕ ಇಟ್ಟು, ಮೂರರಲ್ಲೂ ಬಂದ ಮಾತನ್ನು ಮಾತ್ರ ಉಳಿಸಿಕೊಳ್ಳುತ್ತೇನೆ. ಹೊಸ ಬಿಡುಗಡೆಯ ಬಗ್ಗೆ ಮೊದಲು ಬರೆದವರ ಮಾತನ್ನೇ ಜನ ಓದುವುದು, ನಿಜ. ನಾನು ಯಾವಾಗಲೂ ತಡ. ಆ ಓಟದಲ್ಲಿ ಸೋತು ಅಭ್ಯಾಸವಾಗಿದೆ.

ಅಳತೆಯ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಒಂದು ಸಂಜೆ 8 ಗ್ಲಾಸ್, ಒಂದೊಂದರಲ್ಲಿ 10 ಮಿಲಿ, ಶೇ. 46. ಚಿಕ್ಕದಾಗಿ ಕಾಣುತ್ತದೆ. ಕೂಡಿಸಿದರೆ ಸುಮಾರು 29 ಗ್ರಾಂ ಶುದ್ಧ ಆಲ್ಕೋಹಾಲ್. ಐದನೇ ಗ್ಲಾಸಿನ ಹೊತ್ತಿಗೆ ಎಲ್ಲವೂ ಚೆನ್ನಾಗಿ ಅನಿಸತೊಡಗುತ್ತದೆ, ಅಲ್ಲಿಗೆ ವಿಮರ್ಶೆ ಮುಗಿಯಿತು. ಮದ್ಯದ ಸುರಕ್ಷಿತ ಪ್ರಮಾಣ ಅಂತ ಯಾವುದೂ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ನೇರವಾಗಿ ಹೇಳಿದೆ. ಈ ಕೆಲಸ ಮಾಡುವವರು ಅದನ್ನು ಕೇಳಿಸಿಕೊಂಡಿಲ್ಲ ಅಂತ ನಟಿಸಬಾರದು. ಉಗುಳಿ. ಅದಕ್ಕೇ ಒಂದು ಡಬ್ಬ ಇಟ್ಟುಕೊಳ್ಳಿ. ನಾಚಿಕೆಯ ಕೆಲಸ ಅಲ್ಲ. ನಾಲ್ಕಕ್ಕಿಂತ ಹೆಚ್ಚು ಬೇಡ. ಉಗುಳಿದರೂ ಸ್ವಲ್ಪ ಒಳಗೆ ಹೋಗಿಯೇ ಹೋಗುತ್ತದೆ, ವಾಹನ ಓಡಿಸಬೇಡಿ.

ಕಂಪನಿ ಪುಕ್ಕಟೆ ಕಳಿಸಿದ್ದರೆ ಮೊದಲ ಸಾಲಿನಲ್ಲೇ ಹಾಗಂತ ಬರೆಯಿರಿ. 'ಅದರಿಂದ ನನ್ನ ಅಭಿಪ್ರಾಯ ಬದಲಾಗಲ್ಲ' ಅಂತ ಸೇರಿಸಬೇಡಿ. ಬದಲಾಗುತ್ತದೆ. ಓದುವವರು ಲೆಕ್ಕ ಹಾಕಿಕೊಳ್ಳಲಿ. ಬ್ಯಾಚ್ ನಂಬರ್ ಇದ್ದರೆ ಅದನ್ನೂ ಬರೆಯಿರಿ.

ಮಾರ್ಕ್ಸ್ ವಿಷಯಕ್ಕೆ ಬಂದರೆ, ನೂರಕ್ಕೆ ಅಂಕ ಕೊಡುವವರಲ್ಲಿ ಬಹಳ ಜನ 80ರಿಂದ 92ರ ಒಳಗೇ ಓಡಾಡುತ್ತಿರುತ್ತಾರೆ. ಕೆಳಗಿನ ಎಂಬತ್ತು ಅಂಕ ಏನು ಮಾಡುತ್ತಿವೆ ಅಲ್ಲಿ? ನಾನು ಅಂಕ ಬಿಟ್ಟು ಬಹಳ ದಿನ ಆಯಿತು. ಮೂರು ಮಾತು ಬಳಸುತ್ತೇನೆ: ಇನ್ನೊಂದು ಬಾಟಲಿ ತರುತ್ತೇನೆ, ಯಾರಾದರೂ ಕೊಟ್ಟರೆ ಕುಡಿಯುತ್ತೇನೆ, ಕೊಟ್ಟರೂ ಬೇಡ.

ಮಾತು ಮುಗಿದ ಮೇಲೆ ಮುಂದಿನ ಸಾಲಿನಲ್ಲಿದ್ದ ಒಬ್ಬರು ಕೇಳಿದರು: 'ಆ ಟಪ್ ಪೆಟ್ಟಿಗೆಯ ವಿಮರ್ಶೆ ಏನು ಮಾಡಿದಿರಿ? ಅಳಿಸಿದಿರಾ?'

ಇಲ್ಲ. ಹಾಗೇ ಇಟ್ಟಿದ್ದೇನೆ, ಅದರ ಕೆಳಗೆ ಎರಡನೆಯದನ್ನೂ ಸೇರಿಸಿ, ಎರಡಕ್ಕೂ ದಿನಾಂಕ ಹಾಕಿದ್ದೇನೆ. ಅವರು ಬಿಡಲಿಲ್ಲ. 'ಹಾಗಾದರೆ ನಿಜ ಯಾವುದು?' ಎರಡನೆಯದು ನಿಜಕ್ಕೆ ಹತ್ತಿರ ಅಂತ ನನಗೆ ಅನಿಸುತ್ತದೆ. ಆದರೆ ಮೂರನೇ ಸಲ ನಾನು ಕೂರಲೇ ಇಲ್ಲ. ಬಾಟಲಿಯಲ್ಲಿ ಇನ್ನೂ ಎರಡು ಬೆರಳಷ್ಟು ಉಳಿದಿದೆ. ವರ್ಷಗಟ್ಟಲೆ ಗಾಳಿ ಕುಡಿದು ಕೂತಿದೆ, ಈಗ ಅದು ಬೇರೆಯೇ ವಿಸ್ಕಿ. ಪೆಟ್ಟಿಗೆಯಲ್ಲಿ ಮಾತ್ರ ನಮ್ಮ ಮನೆಯ ಕೀಲಿಕೈಗಳಿವೆ. ಮುಚ್ಚಳ ಈಗಲೂ ಚೆನ್ನಾಗಿ ಕೂರುತ್ತದೆ.